ಸೌರಫಲಕಗಳ ಮೇಲಿನ ಧೂಳು ಸಂಚಯ ಮತ್ತು ಅದರ ಮಾಪನ

ಸೌರಫಲಕಗಳ ಗಾಜಿನ ಮೇಲ್ಮೈಯಲ್ಲಿ ಮಣ್ಣಿನ ಕಣ, ಹೊಗೆಯ ಮಸಿ, ಪರಾಗ, ಹಕ್ಕಿಯ ಹಿಕ್ಕೆ ಮೊದಲಾದವು ಶೇಖರವಾಗಿ ವಿದ್ಯುತ್ ಉತ್ಪಾದನೆಯನ್ನು ಕುಗ್ಗಿಸುವ ಕ್ರಿಯೆಯನ್ನು ಧೂಳು ಸಂಚಯ ಎನ್ನುತ್ತಾರೆ. ಈ ನಷ್ಟವನ್ನು ನಿಯತವಾಗಿ ಅಳೆದು, ಫಲಕಗಳನ್ನು ಯಾವಾಗ ತೊಳೆಯಬೇಕೆಂದು ನಿರ್ಧರಿಸುವುದು ಸೌರವಿದ್ಯುತ್ ಸ್ಥಾವರಗಳ ನಿರ್ವಹಣೆಯ ಮುಖ್ಯ ಭಾಗವಾಗಿದೆ. ನೀರಿನ ಅಭಾವವಿರುವ ಪ್ರದೇಶಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು.

ಪರಿಣಾಮ

ಧೂಳಿನ ಪದರವು ಬೆಳಕಿನ ಒಂದು ಭಾಗವನ್ನು ಹೀರಿಕೊಳ್ಳುತ್ತದೆ, ಇನ್ನೊಂದು ಭಾಗವನ್ನು ಚದುರಿಸುತ್ತದೆ. ಇದರಿಂದ ಸೌರಕೋಶಗಳನ್ನು ತಲುಪುವ ಬೆಳಕು ಕಡಿಮೆಯಾಗುತ್ತದೆ. ಫಲಕದ ಇಳಿಜಾರು ಕಡಿಮೆಯಿದ್ದಷ್ಟೂ ಧೂಳು ಹೆಚ್ಚಾಗಿ ನಿಲ್ಲುತ್ತದೆ. ಬಿರುಸಾದ ಮಳೆ ಫಲಕವನ್ನು ತೊಳೆಯುತ್ತದೆ. ಆದರೆ ತುಂತುರು ಮಳೆ ಮತ್ತು ಇಬ್ಬನಿ ಧೂಳನ್ನು ಕೆಸರಾಗಿಸಿ ಅಂಟಿಸಿಬಿಡುತ್ತವೆ. ಹಿಕ್ಕೆಯಂತಹ ದಟ್ಟವಾದ ಕಲೆ ಕೆಲವೇ ಕೋಶಗಳನ್ನು ಮುಚ್ಚಿದಾಗ ಆ ಭಾಗ ಅತಿಯಾಗಿ ಬಿಸಿಯಾಗಿ ಫಲಕಕ್ಕೆ ಶಾಶ್ವತ ಹಾನಿಯಾಗಬಹುದು.

ಗಾಂಧಿನಗರದ ಐಐಟಿ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಾರ ಹಾಗೆಯೇ ಬಿಟ್ಟಿದ್ದ ಫಲಕಗಳನ್ನು ಶುಚಿಗೊಳಿಸಿದಾಗ ದಕ್ಷತೆ ಸುಮಾರು ಶೇ. 50ರಷ್ಟು ಹೆಚ್ಚಿದುದು ಕಂಡುಬಂದಿತು. ಮಂಗಳ ಗ್ರಹದಲ್ಲಿದ್ದ ನಾಸಾದ ಇನ್‌ಸೈಟ್ ನೌಕೆಯ ಕಾರ್ಯ 2022ರ ಡಿಸೆಂಬರ್‌ನಲ್ಲಿ ಕೊನೆಗೊಂಡುದಕ್ಕೂ ಫಲಕಗಳ ಮೇಲಿನ ಧೂಳೇ ಕಾರಣ.

ಮಾಪನ ವಿಧಾನ

ಉತ್ಪಾದನೆ ಇಳಿಯಲು ಮೋಡ, ನೆರಳು, ಅಧಿಕ ಉಷ್ಣತೆಗಳೂ ಕಾರಣವಾಗಬಹುದು. ಆದುದರಿಂದ ಧೂಳಿನ ಪಾಲನ್ನು ಪ್ರತ್ಯೇಕಿಸಬೇಕಾಗುತ್ತದೆ. ಇದಕ್ಕಾಗಿ ಒಂದೇ ಬಗೆಯ ಎರಡು ಫಲಕಗಳನ್ನು ಅಕ್ಕಪಕ್ಕದಲ್ಲಿ, ಒಂದೇ ಇಳಿಜಾರಿನಲ್ಲಿ ಇರಿಸುತ್ತಾರೆ. ಒಂದನ್ನು ನಿಯಮಿತವಾಗಿ ಒರೆಸಲಾಗುತ್ತದೆ, ಇನ್ನೊಂದನ್ನು ಸ್ಥಾವರದ ಉಳಿದ ಫಲಕಗಳಂತೆಯೇ ಬಿಡಲಾಗುತ್ತದೆ. ಕೊಳೆಯಾದ ಫಲಕದ ಉತ್ಪಾದನೆಯನ್ನು ಶುಚಿಯಾದ ಫಲಕದ ಉತ್ಪಾದನೆಯಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಧೂಳಿನ ಅನುಪಾತ. ಉದಾಹರಣೆಗೆ, ಶುಚಿಯಾದ ಫಲಕ 300 ವ್ಯಾಟ್, ಕೊಳೆಯಾದುದು 276 ವ್ಯಾಟ್ ನೀಡುತ್ತಿದ್ದರೆ ಅನುಪಾತ 0.92, ಅಂದರೆ ನಷ್ಟ ಶೇ. 8. ಐಇಸಿ 61724-1 ಎಂಬ ಅಂತರರಾಷ್ಟ್ರೀಯ ಮಾನಕವು ಈ ಮಾಪನದ ಕ್ರಮವನ್ನು ವಿವರಿಸುತ್ತದೆ. ಗಾಜಿನ ಮೇಲಿನ ಧೂಳನ್ನು ಬೆಳಕಿನ ಪ್ರತಿಫಲನದಿಂದ ನೇರವಾಗಿ ಅಳೆಯುವ ಸಂವೇದಕಗಳೂ ಬಳಕೆಯಲ್ಲಿವೆ.

ಕರ್ನಾಟಕದಲ್ಲಿ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 'ಶಕ್ತಿಸ್ಥಳ' ಸೌರ ಉದ್ಯಾನ ಹರಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಇದರ ಸಾಮರ್ಥ್ಯ 2,050 ಮೆಗಾವ್ಯಾಟ್. ಇಲ್ಲಿನ ಜಮೀನನ್ನು ರೈತರಿಂದ ಖರೀದಿಸದೆ ಗುತ್ತಿಗೆಗೆ ಪಡೆಯಲಾಗಿದೆ. ಪಾವಗಡವು ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ, ಅಂತರ್ಜಲದಲ್ಲಿ ಫ್ಲೋರೈಡ್ ಅಂಶವುಳ್ಳ ತಾಲ್ಲೂಕು. ಇಂತಹ ಸ್ಥಳದಲ್ಲಿ ಅಳತೆಯಿಲ್ಲದೆ ತೊಳೆದರೆ ನೀರು ವ್ಯರ್ಥ. ತೊಳೆಯದೆ ಬಿಟ್ಟರೆ ವಿದ್ಯುತ್ ನಷ್ಟ. ಜಗತ್ತಿನಲ್ಲಿ ಫಲಕಗಳನ್ನು ತೊಳೆಯಲು ವರ್ಷಕ್ಕೆ ಸುಮಾರು 3,800 ಕೋಟಿ ಲೀಟರ್ ನೀರು ವ್ಯಯವಾಗುತ್ತದೆಯೆಂದು ಅಮೆರಿಕದ ಎಂಐಟಿ ಸಂಶೋಧಕರು 2022ರಲ್ಲಿ ಅಂದಾಜಿಸಿದ್ದಾರೆ. ನೀರಿಲ್ಲದೆ ಒರೆಸುವ ಯಂತ್ರಗಳ ಬಳಕೆ ಹೆಚ್ಚುತ್ತಿರುವುದಕ್ಕೆ ಇದೂ ಒಂದು ಕಾರಣ.

ಗೃಹಬಳಕೆಯಲ್ಲಿ

ಮನೆಯ ತಾರಸಿಯ ಫಲಕಗಳಿಗೆ ವಿಶೇಷ ಉಪಕರಣ ಬೇಕಾಗಿಲ್ಲ. ಬಿಸಿಲು ಚೆನ್ನಾಗಿರುವ ದಿನಗಳ ಯೂನಿಟ್‌ಗಳನ್ನು ಬರೆದಿಟ್ಟು, ತೊಳೆಯುವ ಹಿಂದಿನ ಮತ್ತು ನಂತರದ ದಿನಗಳನ್ನು ಹೋಲಿಸಿದರೆ ನಷ್ಟದ ಪ್ರಮಾಣ ತಿಳಿಯುತ್ತದೆ. ಫಲಕಗಳು ತಣ್ಣಗಿರುವ ಮುಂಜಾನೆ ಅಥವಾ ಸಂಜೆ ಮೃದುವಾದ ಬಟ್ಟೆಯಿಂದ ಒರೆಸುವುದು ಸೂಕ್ತ. ಬಿಸಿಯಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು. ಗಡಸು ನೀರು ಒಣಗಿದಾಗ ಬಿಳಿಯ ಕಲೆ ಉಳಿಯುತ್ತದೆ. ಒರಟಾದ ಪುಡಿಗಳು ಗಾಜಿನ ಮೇಲೆ ಗೀರು ಮೂಡಿಸುತ್ತವೆ.