ಬಸದಿಯ ಲೋಹಾಲಂಕಾರ: ಮುಲಾಮಾದ ಇತಿಹಾಸ ಮತ್ತು ವಿವೇಕ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪ್ರಾಂತವು ಜಿನಧರ್ಮದ ಪುರಾತನ ನೆಲೆ. ರಾಯಬಾಗವು ರಟ್ಟರ ಆಳಿಕೆಯನ್ನು ಕಂಡ ಊರು. ಆ ವಂಶದ ನಾಲ್ವಡಿ ಕಾರ್ತವೀರ್ಯನ ಸಚಿವ ಬೀಚಿರಾಜನು 1204ರಲ್ಲಿ ಬೆಳಗಾವಿಯ ಕಮಲ ಬಸದಿಯನ್ನು ಕಟ್ಟಿಸಿದನು. ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ 1899ರಲ್ಲಿ ಇಂದಿನ ದಕ್ಷಿಣ ಭಾರತ ಜೈನ ಸಭೆಯು ಜನ್ಮ ತಾಳಿತು. ಭೋಜದ ಆಚಾರ್ಯ ಶಾಂತಿಸಾಗರರು, ಕೋಥಳಿಯ ದೇಶಭೂಷಣರು, ಶೇಡಬಾಳದ ವಿದ್ಯಾನಂದರು, ಸದಲಗೆಯ ವಿದ್ಯಾಸಾಗರರು ಈ ಮಣ್ಣಿನವರೇ. ಇಂಥ ನಾಡಿನಲ್ಲಿ ಶಿಲೆಯ ಚರಿತ್ರೆಯನ್ನು ಬರೆದವರುಂಟು. ಲೋಹದ ಚರಿತ್ರೆಯನ್ನು ಕೇಳುವವರು ವಿರಳ.

ದಿಗಂಬರ ಸಂಪ್ರದಾಯದಲ್ಲಿ ಜಿನಬಿಂಬಕ್ಕೆ ಆಭರಣವಿಲ್ಲ. ಅಲಂಕಾರವೆಲ್ಲವೂ ಬಿಂಬದ ಸುತ್ತಣ ಪ್ರಾತಿಹಾರ್ಯಗಳಿಗೆ ಸಲ್ಲುತ್ತದೆ: ಸಿಂಹಾಸನ, ಭಾಮಂಡಲ, ಛತ್ರತ್ರಯ, ಚಾಮರ. ಮೇಲೆ ಶಿಖರದ ಕಲಶ. ಇವುಗಳ ಹಿತ್ತಾಳೆಗೂ ತಾಮ್ರಕ್ಕೂ ಯಾವ ಲೇಪವನ್ನು ಕೊಡಿಸಬೇಕೆಂಬ ಪ್ರಶ್ನೆಯು ಪ್ರತಿ ಪಂಚಕಲ್ಯಾಣದ ಕಾಲಕ್ಕೂ ಸಮಿತಿಯವರ ಮುಂದೆ ಬರುತ್ತದೆ.

ಪ್ರಾಚೀನರ ಕ್ರಮವು ಪಾದರಸದ ಮುಲಾಮಾ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ತಾಮ್ರಕ್ಕೆ ಬಳಿದು, ಬೆಂಕಿಗೆ ಹಿಡಿಯುತ್ತಿದ್ದರು. ಪಾದರಸವು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗಿ ಹೋಗಿ ಚಿನ್ನವು ಗಟ್ಟಿಯಾಗಿ ಉಳಿಯುತ್ತಿತ್ತು. ಅದು ತಲೆಮಾರುಗಳವರೆಗೆ ಬಾಳುವ ಕೆಲಸ. ಆದರೆ ಆ ಆವಿಯನ್ನು ಉಸಿರಾಡಿದ ಕುಶಲಕರ್ಮಿಯ ಕೈಕಾಲು ನಡುಗಿ ಬುದ್ಧಿ ಕೆಡುತ್ತಿತ್ತು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಸೇಂಟ್ ಐಸಾಕ್ ಚರ್ಚಿನ ಗುಮ್ಮಟಕ್ಕೆ ಈ ಕ್ರಮದಿಂದ ಚಿನ್ನವೇರಿಸುವಾಗ ಹಲವಾರು ಕೆಲಸಗಾರರು ಸತ್ತರು. ಎರಡನೆಯದು ರೇಕಿನ ಕ್ರಮ. ಇಲ್ಲಿ ಜೈನರಿಗೆ ಬೇರೊಂದು ಆತಂಕವಿದೆ. ಚಿನ್ನ ಬೆಳ್ಳಿಯ ರೇಕುಗಳನ್ನು ಹಿಂದೆ ದನದ ಕರುಳಿನ ಪೊರೆಗಳ ನಡುವೆ ಇಟ್ಟು ಬಡಿಯುತ್ತಿದ್ದರು. ಆಹಾರಕ್ಕೆ ಬಳಸುವ ಬೆಳ್ಳಿ ವರಖಿನ ತಯಾರಿಕೆಯಲ್ಲಿ ಪ್ರಾಣಿಜನ್ಯ ವಸ್ತುವನ್ನು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ವಿಧಿಸಿತು. ಆ ನಿಯಮವು ಆಹಾರದ ಮಟ್ಟಿಗಷ್ಟೆ. ಕಲಶದ ರೇಕು ಹೇಗೆ ತಯಾರಾಯಿತೆಂಬುದನ್ನು ಕೇಳಿ ತಿಳಿಯುವ ಹೊಣೆ ಶ್ರಾವಕರದೇ.

ಇಟಲಿಯ ಬ್ರುನ್ಯಾತೆಲ್ಲಿ 1805ರಲ್ಲಿ ವಿದ್ಯುತ್ತಿನಿಂದ ಚಿನ್ನವೇರಿಸಿದನು. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ನರು ಸಯನೈಡ್ ದ್ರಾವಣದ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದು ಪೇಟೆಯಲ್ಲಿ ‘ಚಿನ್ನದ ನೀರು’ ಎನ್ನುವುದು ಬಹುಮಟ್ಟಿಗೆ ಇದೇ. ಇದರ ಗುಟ್ಟು ದಪ್ಪದಲ್ಲಿದೆ. ಒಂದು ಚದರಡಿಗೆ 5 ಮೈಕ್ರಾನ್ ದಪ್ಪವೇರಿಸಲು ಸುಮಾರು 9 ಗ್ರಾಂ ಚಿನ್ನ ಬೇಕು. ಅರ್ಧ ಮೈಕ್ರಾನಿಗೆ ಒಂದು ಗ್ರಾಮಿಗಿಂತಲೂ ಕಡಿಮೆ ಸಾಕು. ಮೊದಲ ದಿನ ಎರಡೂ ಒಂದೇ ರೀತಿ ಹೊಳೆಯುತ್ತವೆ. ಆದ್ದರಿಂದ ದಪ್ಪವನ್ನು ಕರಾರಿನಲ್ಲಿ ಬರೆಸಿಕೊಳ್ಳದೆ ದಾನಿಗಳ ಹಣವನ್ನು ಕೊಡುವುದು ಸಲ್ಲದು. ಚಿನ್ನದ ಕೆಳಗೆ ನಿಕ್ಕಲಿನ ಪದರವಿರದಿದ್ದರೆ ತಾಮ್ರವು ಮೆಲ್ಲಗೆ ಮೇಲೇರಿ ಬಣ್ಣ ಕೆಡಿಸುತ್ತದೆ. ತೊಳೆದ ಸಯನೈಡ್ ನೀರನ್ನು ಕಾರಖಾನೆಯವರು ಶುದ್ಧಿಗೊಳಿಸುವರೇ ಎಂದೂ ವಿಚಾರಿಸಬೇಕು. ವೇದಗಂಗೆ, ದೂಧಗಂಗೆಗಳ ಮೀನುಗಳೂ ಜೀವಗಳೇ ತಾನೆ!

ಬೆಳ್ಳಿಯ ವಿಷಯ ಬೇರೆ. ಗಾಳಿಯಲ್ಲಿನ ಗಂಧಕದಿಂದ ಅದು ಕಪ್ಪಾಗುತ್ತದೆ. ಪದೇ ಪದೇ ತಿಕ್ಕಿದರೆ ತೆಳು ಮುಲಾಮಾ ಸವೆದು ಹಿತ್ತಾಳೆ ಹೊರಬೀಳುತ್ತದೆ. ಬಾಗಿಲಿಗೂ ಸಿಂಹಾಸನಕ್ಕೂ ಬೆಳ್ಳಿಯ ತಗಡನ್ನೇ ಹೊದಿಸುವುದು ದುಬಾರಿಯಾದರೂ ಲೇಸು. ಬಯಲಿನ ಕಲಶಕ್ಕೆ ಚಿನ್ನವೇ ತಕ್ಕದ್ದು.

ಎಲ್ಲಕ್ಕಿಂತ ಗಂಭೀರವಾದುದು ಹಳೆಯ ಲೋಹಬಿಂಬಗಳ ಪ್ರಶ್ನೆ. ಮುಲಾಮಾ ಕೊಡುವ ಮುನ್ನ ಲೋಹವನ್ನು ಆಮ್ಲದಲ್ಲಿ ತೊಳೆದು, ಚಕ್ರಕ್ಕೆ ಹಿಡಿದು ನುಣ್ಣಗೆ ಮಾಡುತ್ತಾರೆ. ಪೀಠದಲ್ಲಿ ಶಕವರ್ಷ, ಗಣ, ಗಚ್ಛ, ಮಾಡಿಸಿದ ಶ್ರಾವಕನ ಹೆಸರುಗಳ ಸಣ್ಣ ಬರಹವಿದ್ದರೆ ಅದು ಆ ಕ್ಷಣದಲ್ಲೇ ಅಳಿಯುತ್ತದೆ. ಶಿಲಾಶಾಸನ ಮುರಿದರೆ ತುಂಡಾದರೂ ಸಿಕ್ಕೀತು. ಚಕ್ರಕ್ಕೆ ಸಿಕ್ಕ ಅಕ್ಷರವು ಪುಡಿಯಾಗಿ ಹೋಗುತ್ತದೆ. ಕಾಲವು ಕೊಟ್ಟ ಕಂದು ಬಣ್ಣವನ್ನು ಕೊಳೆಯೆಂದು ಬಗೆಯಬಾರದು. ಅದು ಒಳಗಿನ ಲೋಹವನ್ನು ಕಾಯುವ ಕವಚವೂ ಹೌದು. ಹಸಿರು ಪುಡಿ ಉದುರುವ ಕಿಲುಬಿದ್ದರೆ ಮಾತ್ರ ತಜ್ಞರಿಗೆ ತೋರಿಸಬೇಕು. ಅಂಥ ಬಿಂಬಗಳಿಗೆ ಮುಲಾಮಾ ಬೇಡ. ಪಂಚಾಮೃತ ಅಭಿಷೇಕದ ಮೊಸರು, ಕಬ್ಬಿನ ಹಾಲುಗಳ ಹುಳಿ ಲೋಹವನ್ನು ತಿನ್ನದಂತೆ ಕೂಡಲೆ ಶುದ್ಧ ಜಲದಿಂದ ತೊಳೆದು, ಮೆತ್ತನೆಯ ಅರಿವೆಯಿಂದ ಒರೆಸಿದರೆ ಸಾಕು. ಹುಣಿಸೆಹಣ್ಣು, ಬೂದಿಗಳನ್ನು ಮುಟ್ಟಿಸದಿರುವುದು ಒಳಿತು. ಪೀಠದ ಬರಹಗಳನ್ನು ಛಾಯಾಚಿತ್ರ ತೆಗೆಸಿ, ಓದಿಸಿ, ಬಸದಿಯ ದಫ್ತರದಲ್ಲಿ ದಾಖಲಿಸುವ ಕೆಲಸವನ್ನು ಪ್ರತಿಷ್ಠೆಯ ಸಿದ್ಧತೆಯೊಡನೆಯೇ ಮುಗಿಸಬಹುದು.