ಗಿಡ್ಡ ಸಾಲಿನ ತೋಳು ಹೆಣಿಗೆ

ಗಿಡ್ಡ ಸಾಲಿನ ತೋಳು ಹೆಣಿಗೆಯು ಸ್ವೆಟರಿನ ತೋಳನ್ನು ಹೆಗಲಿನಿಂದ ಮಣಿಕಟ್ಟಿನ ಕಡೆಗೆ ಹೊಲಿಗೆಯಿಲ್ಲದೆ ಹೆಣೆಯುವ ಕ್ರಮ. ಸಾಲನ್ನು ಪೂರ್ಣಗೊಳಿಸದೆ ನಡುವೆಯೇ ಹಿಂದಿರುಗಿಸಿದರೆ ಅದನ್ನು ಗಿಡ್ಡ ಸಾಲು ಎನ್ನಬಹುದು. ಇದರಿಂದ ಹೆಣಿಗೆಯ ಒಂದು ಭಾಗ ಮಾತ್ರ ಬೆಳೆದು, ಹೆಗಲಿನ ದುಂಡಿಗೆ ಹೊಂದುವ ಉಬ್ಬು ಮೂಡುತ್ತದೆ.

ಹಿನ್ನೆಲೆ

ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರದ ದರ್ಜಿಗಳು ಗುಳೇದಗುಡ್ಡ ಖಣದ ಕುಬಸವನ್ನಾಗಲಿ, ಅಂಗಿಯನ್ನಾಗಲಿ ಹೊಲಿಯುವಾಗ ತೋಳನ್ನು ಪ್ರತ್ಯೇಕವಾಗಿ ಕತ್ತರಿಸಿ ಕೂಡಿಸುತ್ತಾರೆ. ಹೆಣಿಗೆಗೆ ಕತ್ತರಿ ಹಾಕಿದರೆ ಎಳೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಆಕಾರವನ್ನು ಕುಣಿಕೆಗಳ ಎಣಿಕೆಯಿಂದಲೇ ಪಡೆಯಬೇಕು. ಮೇಲಿನಿಂದ ಕೆಳಕ್ಕೆ ಹೆಣೆಯುವ ಕ್ರಮಗಳ ಬಗ್ಗೆ ಅಮೆರಿಕದ ಬಾರ್ಬರಾ ಜಿ. ವಾಕರ್ ಅವರ ‘ನಿಟಿಂಗ್ ಫ್ರಮ್ ದ ಟಾಪ್’ (1972) ಪ್ರಸಿದ್ಧ ಕೃತಿ.

ವಿಧಾನ

ಮೊದಲು ಸ್ವೆಟರಿನ ಮೈ ಭಾಗವನ್ನು ಹೆಣೆದು ಹೆಗಲುಗಳನ್ನು ಕೂಡಿಸಿರಬೇಕು. ತೋಳಿನ ಸುತ್ತಳತೆ 30 ಸೆಂ.ಮೀ. ಹಾಗೂ 10 ಸೆಂ.ಮೀ.ಗೆ 20 ಕುಣಿಕೆಗಳಾದರೆ, ತೋಳು ಕೂಡುವ ಕಂಡಿಯ ಅಂಚಿನಿಂದ ಒಟ್ಟು 60 ಕುಣಿಕೆಗಳನ್ನು ಎತ್ತಿಕೊಳ್ಳಬೇಕು. ಅವುಗಳಲ್ಲಿ 8 ಕಂಕುಳಿಗೆ ಮೀಸಲು. ಉಳಿದ 52ರಲ್ಲಿ ಹೆಗಲಿನ ತುದಿಯ 18 ಕುಣಿಕೆಗಳನ್ನು, ಅಂದರೆ ಹೆಗಲ ಗೆರೆಯ ಎರಡೂ ಕಡೆ 9ರಂತೆ, ಮೊದಲು ಹೆಣೆದು ತಿರುಗಬೇಕು. ಅನಂತರ ಪ್ರತಿ ಸಾಲಿನ ಕೊನೆಯಲ್ಲಿ ಒಂದು ಹೊಸ ಕುಣಿಕೆಯನ್ನು ಸೇರಿಸಿಕೊಳ್ಳುತ್ತ ಹೋದರೆ, 34 ಸಾಲುಗಳಲ್ಲಿ ಇಕ್ಕೆಲದ 17–17 ಕುಣಿಕೆಗಳು ಮುಗಿಯುತ್ತವೆ. ತಿರುಗುವಾಗ ಮುಂದಿನ ಕುಣಿಕೆಗೆ ನೂಲನ್ನು ಒಮ್ಮೆ ಸುತ್ತಿದರೆ ತೂತು ಬೀಳುವುದಿಲ್ಲ.

ಬಳಿಕ ಕಂಕುಳಿನ ಕುಣಿಕೆಗಳನ್ನೂ ಸೇರಿಸಿ ಸುತ್ತಾಗಿ ಹೆಣೆಯಬೇಕು. ಪ್ರತಿ 10 ಸುತ್ತಿಗೊಮ್ಮೆ 2 ಕುಣಿಕೆಗಳಂತೆ 10 ಬಾರಿ ಕಡಿಮೆ ಮಾಡಿದರೆ ಮಣಿಕಟ್ಟಿನಲ್ಲಿ 40 ಉಳಿಯುತ್ತವೆ.

ಎಚ್ಚರಿಕೆ

ಉಬ್ಬಿನ ಎತ್ತರವನ್ನು ನಿರ್ಧರಿಸುವುದು ಸಾಲುಗಳ ಸಂಖ್ಯೆ. 10 ಸೆಂ.ಮೀ.ಗೆ 28 ಸಾಲುಗಳಾದರೆ ಮೇಲಿನ ಉದಾಹರಣೆಯಲ್ಲಿ ಎತ್ತರ ಸುಮಾರು 12 ಸೆಂ.ಮೀ. ಆಗುತ್ತದೆ. ಉಬ್ಬು ಸಾಲದಿದ್ದರೆ ಆರಂಭದ ಕುಣಿಕೆಗಳನ್ನು 18ಕ್ಕಿಂತ ಕಡಿಮೆ ಮಾಡಬೇಕು. ಆದಕಾರಣ ಮೊದಲೇ ಅಂಗೈಯಗಲದ ಮಾದರಿಯನ್ನು ಹೆಣೆದು ಅಳೆಯುವುದು ಅವಶ್ಯಕ.

ಉಪಯೋಗ

ಹೆಣೆಯುತ್ತಿರುವಾಗಲೇ ಸ್ವೆಟರನ್ನು ತೊಡಿಸಿ ತೋಳಿನ ಉದ್ದವನ್ನು ನೋಡಬಹುದು. ಕೆಳಗಿನಿಂದ ಹೆಣೆದ ತೋಳಿನ ಆರಂಭದ ಅಂಚನ್ನು ಬಿಚ್ಚಿ ಬೆಳೆಸುವುದು ಕಷ್ಟ. ಇಲ್ಲಿಯಾದರೋ ಹೆಣಿಗೆ ಮಣಿಕಟ್ಟಿನಲ್ಲಿ ಮುಗಿಯುವುದರಿಂದ, ಮಗು ಬೆಳೆದಾಗ ಅಂಚನ್ನಷ್ಟೇ ಬಿಚ್ಚಿ ತೋಳನ್ನು ಉದ್ದ ಮಾಡಬಹುದು. ಒಂದೇ ಸ್ವೆಟರು ಇನ್ನೂ ಒಂದು ಚಳಿಗಾಲಕ್ಕೆ ಒದಗುತ್ತದೆ.