ಸಮುದ್ರವಿಲ್ಲದ ಊರಿನ ಮೀನಂಗಡಿಗಳು

ನಾನು ಬೆಳೆದದ್ದು ಬಯಲುಸೀಮೆಯ ಹಳ್ಳಿಯಲ್ಲಿ. ನಮಗೆ ಸಮುದ್ರದ ಮೀನು ಅಂದರೆ ಸಂತೆಯಲ್ಲಿ ಗೋಣಿತಾಟಿನ ಮೇಲೆ ಗುಡ್ಡೆ ಹಾಕಿರುತ್ತಿದ್ದ ಒಣಮೀನು. ಹಸಿಮೀನು ಬೇಕಂದ್ರೆ ಕೆರೆಯದ್ದು, ಅದೂ ಕೆರೆ ತುಂಬಿದ ವರ್ಷ ಮಾತ್ರ. ಹಾಗಾಗಿ ಆಫೀಸ್ ಕೆಲಸದ ಮೇಲೆ ಜಪಾನಿಗೆ ಹೋದವನು ಒಂದು ಶನಿವಾರ ಕ್ಯೋಟೊದ ನಿಶಿಕಿ ಮಾರುಕಟ್ಟೆಗೆ ಕಾಲಿಟ್ಟಾಗ ನನ್ನ ತಲೆಗೆ ಬಂದ ಮೊದಲ ಪ್ರಶ್ನೆ ರುಚಿಯದ್ದಲ್ಲ, ಸಾಗಾಟದ್ದು. ಮೂರು ಕಡೆ ಬೆಟ್ಟ, ಹತ್ತಿರದಲ್ಲೆಲ್ಲೂ ಸಮುದ್ರವಿಲ್ಲ. ಇಂಥ ಊರಿನ ನಟ್ಟನಡುವೆ ನಾನೂರು ವರ್ಷದಿಂದ ಮೀನುಪೇಟೆ ನಡೆಯೋದು ಹೇಗೆ?

ನಿಶಿಕಿ ಅಂದರೆ ಒಂದು ಓಣಿ, ಅಷ್ಟೇ. ಉದ್ದ ಸುಮಾರು 390 ಮೀಟರ್. ಎದುರುಬದುರು ಅಂಗಡಿಗಳ ನಡುವೆ ನಾಲ್ಕು ಜನ ಸಾಲಾಗಿ ನಡೆದರೆ ಭುಜ ತಾಗುತ್ತೆ. ಮೇಲೆ ಕೆಂಪು, ಹಳದಿ, ಹಸಿರು ಬಣ್ಣದ ಚಾವಣಿ. ಕೆಳಗೆ ನೂರಮೂವತ್ತರಷ್ಟು ಅಂಗಡಿಗಳು. ಹಸಿಮೀನು, ಸುಟ್ಟ ಮೀನು, ಒಣಮೀನು, ಹತ್ತಿರದ ಬಿವಾ ಸರೋವರದ ಸಿಹಿನೀರಿನ ಮೀನು, ಜೊತೆಗೆ ತರಕಾರಿ, ತೋಫು, ಉಪ್ಪಿನಕಾಯಿ. ಮೀನು ಕೊಯ್ಯುವ ಚಾಕುಗಳಿಗೆ ಹೆಸರಾದ ಆರಿತ್ಸುಗು ಅಂಗಡಿ ಕೂಡ ಇಲ್ಲೇ ಇದೆ. 1560ರಲ್ಲಿ ಕತ್ತಿ ತಯಾರಿಸುವ ಕಮ್ಮಾರಿಕೆಯಿಂದ ಶುರುವಾದ ಮನೆತನ ಅದು.

ಓಣಿಯ ಹೆಸರಿಗೂ ಒಂದು ಕಥೆ ಇದೆ. ಮೊದಲು ಇದನ್ನು ಗುಸೋಕು ಓಣಿ ಅನ್ನುತ್ತಿದ್ದರಂತೆ. ಗುಸೋಕು ಅಂದರೆ ಯೋಧರ ಕವಚ. ಜನರ ಬಾಯಲ್ಲಿ ಅದು ಸವೆದು ಸವೆದು 'ಕುಸೋ' ಆಯ್ತು. ಕುಸೋ ಅಂದರೆ ಹೇಲು! ಈ ಮುಜುಗರ ತಪ್ಪಿಸೋಕೆ 1054ರಲ್ಲಿ ಚಕ್ರವರ್ತಿಯೇ ಹೆಸರು ಬದಲಿಸಿ 'ನಿಶಿಕಿ' ಅಂತ ಕರೆಯಲು ಆಜ್ಞೆ ಹೊರಡಿಸಿದ ಅಂತ ಹೇಳ್ತಾರೆ. ನಿಶಿಕಿ ಅಂದರೆ ಜರತಾರಿ ಬಟ್ಟೆ.

ನನ್ನ ಪ್ರಶ್ನೆಗೆ ಉತ್ತರ ಇದ್ದದ್ದು ಆ ಓಣಿಯ ನೆಲದಡಿ. ಕ್ಯೋಟೊ ಕೂತಿರೋದು ಅಂತರ್ಜಲ ತುಂಬಿದ ಬೋಗುಣಿಯಂಥ ಜಾಗದಲ್ಲಿ. ನಿಶಿಕಿಯ ಬಾವಿಗಳಲ್ಲಿ ಬೇಸಿಗೆ, ಚಳಿಗಾಲ ಎನ್ನದೆ ಒಂದೇ ತಂಪಿನ ನೀರು ಸಿಗುತ್ತಿತ್ತು. ಓಣಿಯ ಪೂರ್ವದ ತುದಿಯಲ್ಲಿರುವ ನಿಶಿಕಿ ತೆನ್ಮಾಂಗು ದೇಗುಲದಲ್ಲಿ ಇವತ್ತಿಗೂ ಆ ನೀರು ಹರಿಯುತ್ತೆ; ವರ್ಷವಿಡೀ 17-18 ಡಿಗ್ರಿ. ಮೀನಂಗಡಿಯವರು ಅಂಗಡಿಯೊಳಗೇ ಬಾವಿ ತೋಡಿ, ಅದರ ತಂಪಿನಲ್ಲಿ ಮೀನು ಇಳಿಬಿಟ್ಟು ಕಾಪಾಡುತ್ತಿದ್ದರು. ಇದನ್ನು ಓದಿದಾಗ ನನಗೆ ಅಜ್ಜಿ ನೆನಪಾದರು. ಬೇಸಿಗೆಯಲ್ಲಿ ಮಿಕ್ಕ ಹಾಲನ್ನು ತಂಬಿಗೆಗೆ ಹಾಕಿ, ಹಗ್ಗ ಕಟ್ಟಿ, ಹಿತ್ತಲ ಬಾವಿಗೆ ಇಳಿಬಿಡುತ್ತಿದ್ದರು. ಅದೇ ಉಪಾಯ. ಇಲ್ಲಿ ಒಂದು ತಂಬಿಗೆ ಹಾಲು, ಅಲ್ಲಿ ರಾಜಧಾನಿಯ ಮೀನು.

ನೀರು ಇದ್ದರೆ ಸಾಕೇ? ಮೀನು ಅಲ್ಲಿವರೆಗೆ ಬರಬೇಕಲ್ಲ. ಉತ್ತರದ ವಕಾಸಾ ಕೊಲ್ಲಿಯ ಒಬಾಮಾ ಬಂದರಿನಿಂದ ಕ್ಯೋಟೊಗೆ ಸುಮಾರು 70 ಕಿಲೋಮೀಟರ್ ಬೆಟ್ಟದ ಹಾದಿ. ನಮ್ಮ ಬಂಗುಡೆಯ ಬಳಗಕ್ಕೆ ಸೇರಿದ 'ಸಾಬಾ' ಮೀನಿಗೆ ಉಪ್ಪು ಹಚ್ಚಿ, ಬೆನ್ನ ಮೇಲೆ ಹೊತ್ತು ನಡೆದೇ ತರುತ್ತಿದ್ದರು. ಊರು ಮುಟ್ಟುವ ಹೊತ್ತಿಗೆ ಉಪ್ಪು ಹದವಾಗಿ ಹಿಡಿದಿರುತ್ತಿತ್ತು. ಆ ಹಾದಿಗೆ 'ಸಾಬಾ ಕೈದೊ' ಅಂತಲೇ ಹೆಸರು. ದಕ್ಷಿಣದ ಸಮುದ್ರದಿಂದ ಬರುತ್ತಿದ್ದದ್ದು 'ಹಾಮೋ', ಹಾವಿನಂತೆ ಉದ್ದನೆಯ, ಗಟ್ಟಿ ಜೀವದ ಮೀನು. ಬೇಸಿಗೆಯ ಸೆಕೆಯಲ್ಲೂ ಜೀವಂತವಾಗಿ ಕ್ಯೋಟೊ ಮುಟ್ಟುತ್ತಿತ್ತು. ಆದರೆ ಮೈತುಂಬಾ ಕೂದಲಿನಂಥ ಮುಳ್ಳು. ಅದಕ್ಕೇ ಚರ್ಮ ಕತ್ತರಿಸದೆ, ಮಾಂಸಕ್ಕೆ ಮಾತ್ರ ಒಂದರ ಪಕ್ಕ ಒಂದು ಸಣ್ಣ ಸಣ್ಣ ಗೀರು ಹಾಕುವ ವಿದ್ಯೆ ಬೆಳೆಯಿತು. ಮೂರು ಸೆಂಟಿಮೀಟರಿಗೆ ಇಪ್ಪತ್ತನಾಲ್ಕು ಗೀರು ಹಾಕಿದರೆ ನುರಿತ ಕೈ ಅಂತ ಲೆಕ್ಕ. ಜುಲೈಯ ಗಿಯೋನ್ ಹಬ್ಬಕ್ಕೆ 'ಹಾಮೋ ಹಬ್ಬ' ಅನ್ನೋ ಅಡ್ಡಹೆಸರೂ ಇದೆ. ಸಮುದ್ರದಿಂದ ದೂರ ಇದ್ದದ್ದಕ್ಕೇ ಆ ಊರಿಗೆ ಮೀನಿನ ವಿದ್ಯೆ ಅಷ್ಟು ಬಂತು ಅನ್ನಿಸುತ್ತೆ.

1615ರಲ್ಲಿ ತೊಕುಗಾವಾ ಸರ್ಕಾರ ನಿಶಿಕಿಗೆ ಮೀನಿನ ಸಗಟು ವ್ಯಾಪಾರದ ಅಧಿಕೃತ ಪರವಾನಗಿ ಕೊಟ್ಟಿತು. ಕ್ಯೋಟೊದಲ್ಲಿ ಇಂಥ ಪರವಾನಗಿ ಇದ್ದದ್ದು ಮೂರೇ ಮೀನುಪೇಟೆಗಳಿಗೆ. ಮೀನಿನ ಜೊತೆ ತರಕಾರಿ ಮಂಡಿಗಳೂ ಅಲ್ಲಿ ಬೆಳೆದವು.

ಅಂಥ ಒಂದು ತರಕಾರಿ ಮಂಡಿಯ ಹಿರಿಮಗನಾಗಿ 1716ರಲ್ಲಿ ಹುಟ್ಟಿದವರು ಇತೊ ಜಾಕುಚು. ನಲವತ್ತಕ್ಕೇ ವ್ಯಾಪಾರ ತಮ್ಮನಿಗೆ ಬಿಟ್ಟು ಚಿತ್ರ ಬರೆಯುತ್ತಾ ಕೂತರು. ಅವರ ಮೂವತ್ತು ಚಿತ್ರಗಳ ಹೆಸರಾಂತ ಸರಣಿಯಲ್ಲಿ ಎರಡು ಪೂರ್ತಿ ಮೀನುಗಳವೇ. ಒಂದರಲ್ಲಿ ದೊಡ್ಡ ಆಕ್ಟೋಪಸ್ಸಿನ ಕಾಲಿಗೆ ಮರಿಯೊಂದು ಅಂಟಿಕೊಂಡಿದೆ. ಮೀನಂಗಡಿಗಳ ಓಣಿಯಲ್ಲೇ ಬೆಳೆದವರ ಕಣ್ಣು ಅದು, ನೋಡಿದರೆ ಗೊತ್ತಾಗುತ್ತೆ.

ಲೋಕದ ಗೊಡವೆ ಇಲ್ಲದ ಕಲಾವಿದ ಅಂತಲೇ ಅವರನ್ನು ಬಹಳ ಕಾಲ ಭಾವಿಸಿದ್ದರು. ಆಮೇಲೆ ಮಾರುಕಟ್ಟೆಯ ಹಳೇ ದಾಖಲೆಗಳನ್ನು ಓದಿದಾಗ ಬೇರೆಯೇ ಮನುಷ್ಯ ಕಂಡರು. 1771ರ ಕೊನೆಗೆ ಪ್ರತಿಸ್ಪರ್ಧಿ ಗೊಜೊ ಮಾರುಕಟ್ಟೆಯವರು ನಿಶಿಕಿಯ ತರಕಾರಿ ವ್ಯಾಪಾರ ಮುಚ್ಚಿಸೋಕೆ ಹೊರಟರು. ವ್ಯಾಪಾರ ನಿಂತೂ ಹೋಯ್ತು. ಆಗ ಜಾಕುಚು ತಮ್ಮ ಬೀದಿಯ ಹಿರಿಯರಲ್ಲೊಬ್ಬರು. 'ನಿಮ್ಮ ಬೀದಿಗೆ ಮಾತ್ರ ತೊಂದರೆ ಮಾಡಲ್ಲ' ಅನ್ನುವಂಥ ಒಪ್ಪಂದ ಅವರ ಮುಂದೆ ಬಂತು. ಅವರು ಒಪ್ಪಲಿಲ್ಲ. ನಿಶಿಕಿಗೆ ತರಕಾರಿ ತರುತ್ತಿದ್ದ ಹಳ್ಳಿಗಳ ರೈತರನ್ನೂ ಜೊತೆಗೆ ಕಟ್ಟಿಕೊಂಡು ಅಧಿಕಾರಿಗಳ ಬಾಗಿಲು ತಟ್ಟಿದರು. ಕೊನೆಗೆ 1774ರಲ್ಲಿ ಇಡೀ ಮಾರುಕಟ್ಟೆಗೆ ಅನುಮತಿ ಸಿಕ್ಕಿತು. ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓಣಿಯ ಶಟರುಗಳ ಮೇಲೆ ಅವರ ಚಿತ್ರಗಳು ಕಾಣುತ್ತವೆ.

ಮೀನಂಗಡಿಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಅದಾಗಿ ನೂರೈವತ್ತು ವರ್ಷದ ಮೇಲೆ. 1918ರಲ್ಲಿ ಅಕ್ಕಿ ಬೆಲೆ ಏರಿ ಜಪಾನಿನಾದ್ಯಂತ ದಂಗೆಗಳಾದವು. ಆಹಾರದ ಬೆಲೆ ಹಿಡಿತದಲ್ಲಿಡಲು ಸರ್ಕಾರ 1923ರಲ್ಲಿ ಸಗಟು ಮಾರುಕಟ್ಟೆ ಕಾಯ್ದೆ ತಂದಿತು. ಅದರಡಿ ದೇಶದ ಮೊದಲ ಕೇಂದ್ರ ಸಗಟು ಮಾರುಕಟ್ಟೆ 1927ರಲ್ಲಿ ಶುರುವಾದದ್ದು ಕ್ಯೋಟೊದಲ್ಲೇ. ನಿಶಿಕಿಯ ಎಷ್ಟೋ ಮೀನಿನ ಸಗಟುಗಾರರು ಅಲ್ಲಿಗೆ ಹೊರಟರು. ಉಳಿದವರು ಚಿಲ್ಲರೆ ವ್ಯಾಪಾರ ಹಿಡಿದರು; ಖಾಲಿಯಾದ ಜಾಗಕ್ಕೆ ಬೇರೆ ಬೇರೆ ತಿನಿಸಿನ ಅಂಗಡಿಗಳು ಬಂದವು. ನಾವು ಈಗ 'ಸಾಂಪ್ರದಾಯಿಕ' ಅಂತ ಫೋಟೊ ತೆಗೆಯುವ ನಿಶಿಕಿಯ ಚಹರೆ ಬಹುಪಾಲು ಈ ಪೆಟ್ಟಿನ ನಂತರದ್ದು.

ಎರಡನೇ ಪೆಟ್ಟು ಬಿದ್ದದ್ದು ಬುಡಕ್ಕೇ. ಪಕ್ಕದ ಶಿಜೊ ರಸ್ತೆಯಡಿ ಸುರಂಗ ಕೊರೆದು ಹಾಂಕ್ಯೂ ರೈಲು ಮಾರ್ಗವನ್ನು ಕವರಾಮಾಚಿಯವರೆಗೆ ಒಯ್ದರು. ಅದು ತೆರೆದದ್ದು 1963ರಲ್ಲಿ. ಆ ಕಾಮಗಾರಿಯ ಕಾಲಕ್ಕೆ ನಿಶಿಕಿಯ ಬಾವಿಗಳು ಬತ್ತಿದವು. ಅಷ್ಟು ಹೊತ್ತಿಗೆ ಮಂಜುಗಡ್ಡೆ, ಫ್ರಿಜ್ ಎಲ್ಲ ಬಂದಿತ್ತು, ನಿಜ. ಆದರೂ ಮೀನು ತೊಳೆಯೋಕೆ, ತೋಫು ಮಾಡೋಕೆ, ಸಾರು ತೆಗೆಯೋಕೆ ಆ ನೀರೇ ಬೇಕು ಅಂತ ವ್ಯಾಪಾರಿಗಳು ಸೇರಿ ಆಳವಾದ ಬಾವಿ ತೋಡಿಸಿ ನೀರು ಹಂಚಿಕೊಂಡರು.

ನಮ್ಮ ಹಿತ್ತಲ ಬಾವಿಯೂ ಬತ್ತಿತು. ನಾನು ಹೈಸ್ಕೂಲಲ್ಲಿದ್ದಾಗ. ನಾವು ಬೋರ್‌ವೆಲ್ ಹಾಕಿಸಿದೆವು. ಪಕ್ಕದ ಮನೆಯವರು ನಮಗಿಂತ ಆಳಕ್ಕೆ ಹಾಕಿಸಿದರು. ಆಮೇಲೆ ನಾವು ಅವರಿಗಿಂತ ಆಳಕ್ಕೆ. ಸೇರಿ ಒಂದೇ ತೋಡಿಸೋಣ ಅಂತ ಊರಲ್ಲಿ ಯಾರೂ ಅಂದ ನೆನಪಿಲ್ಲ. ಅನ್ನಬೇಕಿದ್ದವರಲ್ಲಿ ನಮ್ಮ ಮನೆಯವರೂ ಇದ್ದರು.

ಈಗ ನಿಶಿಕಿಗೆ ಬಂದಿರೋ ಕಷ್ಟ ನಮ್ಮಂಥವರದ್ದು. ಪ್ರವಾಸಿಗಳು ಇಡೀ ಮೀನು ಕೊಳ್ಳಲ್ಲ, ಕಡ್ಡಿಗೆ ಚುಚ್ಚಿದ ತುಂಡು ಕೊಳ್ತಾರೆ. ಮೀನಂಗಡಿಗಳೂ ಕಡ್ಡಿಗೆ ಚುಚ್ಚಿ ಕೊಡೋಕೆ ಶುರು ಮಾಡಿವೆ. ನಾನೂ ತಲೆಯಲ್ಲಿ ಕ್ವಿಲ್ ಮೊಟ್ಟೆ ತುಂಬಿಸಿದ್ದ ಮರಿ ಆಕ್ಟೋಪಸ್ ಒಂದನ್ನು ಕೊಂಡು ತಿನ್ನುತ್ತಾ ಹೊರಟೆ. ಅಂಗಡಿಯ ವಯಸ್ಸಾದ ಹೆಂಗಸು ಹಿಂದೆಯೇ ಬಂದು, ತಲೆಬಾಗಿ, ಗೋಡೆಯ ಮೇಲಿನ ಚೀಟಿ ತೋರಿಸಿದರು. ನಡೆಯುತ್ತಾ ತಿನ್ನಬೇಡಿ, ಇಲ್ಲೇ ನಿಂತು ತಿನ್ನಿ ಅಂತ ಇತ್ತು. ನಾಚಿಕೆಯಾಗಿ ಅಂಗಡಿ ಮುಂದೆಯೇ ನಿಂತೆ.

ನಿಂತಿದ್ದರಿಂದ ಒಂದು ಕಂಡಿತು. ಊರಿನವರೇ ಇರಬೇಕು, ಒಬ್ಬ ಅಜ್ಜಿ ಕೈಚೀಲ ಹಿಡಿದು ಬಂದರು. ಏನು ಬೇಕು ಅಂತ ಅಂಗಡಿಯವರು ಕೇಳಲೇ ಇಲ್ಲ. ಒಳಗಿಂದ ಒಂದು ಮೀನು ತಂದು, ಕಿವಿರು ಎತ್ತಿ ತೋರಿಸಿದರು. ಅಜ್ಜಿ ತಲೆಯಾಡಿಸಿದರು. ಅವರ ಹಿಂದೆ ಮೊಬೈಲ್ ಎತ್ತಿ ಹಿಡಿದ ನಮ್ಮಂಥ ಹತ್ತು ಜನ ದಾರಿಗಾಗಿ ಕಾಯುತ್ತಿದ್ದರು. ಅಂಗಡಿಯವರು ಅವಸರ ಮಾಡದೆ ಮೀನನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯತೊಡಗಿದರು.